ಮಿಕ್ಸಿ ರಿಪೇರಿ ಎಕ್ಸ್‌ಪೀರಿಯನ್ಸ್ ಸೆಂಟರ್

(ರಾಜಾಜಿನಗರ, ಭಾಷ್ಯಂ ಸರ್ಕಲ್ ಹತ್ತಿರದ ಒಂದು ಅಡ್ಡರಸ್ತೆ. ಎಂಟಡಿ ಉದ್ದ, ಆರಡಿ ಅಗಲದ ಮಿಕ್ಸಿ ರಿಪೇರಿ ಅಂಗಡಿ. ನಂಜುಂಡಣ್ಣ ಸ್ಟೂಲಿನ ಮೇಲೆ ಕೂತು ಒಂದು ಮಿಕ್ಸಿಯ ಕಾರ್ಬನ್ ಬ್ರಷ್ ಬದಲಿಸುತ್ತಿದ್ದಾರೆ. ಅಕ್ಕನ ಮಗ ಪ್ರದೀಪ ದೊಡ್ಡದೊಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಪ್ರಮೋಟರ್. ಅಂದರೆ ಅಂಗಡಿ ಒಬ್ಬರದು, ಮೈಮೇಲಿನ ಟೀ ಶರ್ಟ್ ಮೊಬೈಲ್ ಕಂಪನಿಯದು, ಸಂಬಳವೂ ಕಂಪನಿಯದೇ. ‘ನಿಮಗೆ ಯಾವುದು ಒಳ್ಳೇದೋ ಅದನ್ನೇ ಹೇಳ್ತೀನಿ ಸರ್’ ಅಂತ ಅವನು ಹೇಳಿದಾಗ ಗಿರಾಕಿ ಟೀ ಶರ್ಟಿನ ಬಣ್ಣ ನೋಡಿಕೊಳ್ಳುವುದು ಕ್ಷೇಮ. ಇವತ್ತು ಅವನಿಗೆ ರಜೆ.)

ಪ್ರದೀಪ: ಮಾವ, ನಿಮ್ಮ ಅಂಗಡೀಲಿ ಒಂದೇ ಒಂದು ಕೊರತೆ.

ನಂಜುಂಡಣ್ಣ: ಒಂದೇನಾ? ನಿಮ್ಮತ್ತೆ ದಿನಾ ಹತ್ತು ಹೇಳ್ತಾಳೆ.

ಪ್ರದೀಪ: ಬಂದೋರಿಗೆ ಎಕ್ಸ್‌ಪೀರಿಯನ್ಸ್ ಇಲ್ಲ.

ನಂಜುಂಡಣ್ಣ: ಬಂದೋರಿಗೆ ಯಾಕೋ? ರಿಪೇರಿ ಮಾಡೋನು ನಾನು.

ಪ್ರದೀಪ: ಅಯ್ಯೋ ಮಾವ, ಮೊನ್ನೆ ಹೆಬ್ಬಾಳದ ಕಡೆ ಮಾಲ್ ಆಫ್ ಏಷ್ಯಾಗೆ ಹೋಗಿದ್ದೆ. ಅಲ್ಲಿ 2025ರ ಸೆಪ್ಟೆಂಬರಲ್ಲಿ ಆ್ಯಪಲ್‌ನವರು ಬೆಂಗಳೂರಿನ ತಮ್ಮ ಮೊದಲನೇ ಅಂಗಡಿ ತೆಗೆದ್ರಲ್ಲ, ಅದನ್ನ ನೋಡೋಕೆ. ಉದ್ದುದ್ದ ಮೇಜು, ಎಲ್ಲಾನೂ ಆನ್ ಮಾಡಿಟ್ಟಿರ್ತಾರೆ. ಎಷ್ಟೊತ್ತು ಬೇಕಾದ್ರೂ ಆಡ್ಕೊಂಡಿರಿ, ಏಳಿ ಅನ್ನೋರಿಲ್ಲ. ಸಿಬ್ಬಂದಿಗೆ ಕಮಿಷನ್ನೂ ಇಲ್ಲ.

ನಂಜುಂಡಣ್ಣ: ಮತ್ತೆ ಯಾಪಾರ ಹೆಂಗಾಗುತ್ತೆ?

ಪ್ರದೀಪ: ಅಲ್ಲೇ ಇರೋದು ಮಜಾ. ಅವರ ಅಂಗಡೀಲಿ ಲ್ಯಾಪ್‌ಟಾಪಿನ ಮುಚ್ಚಳ ಪೂರ್ತಿ ತೆಗೆದಿಡಲ್ಲವಂತೆ. ಸ್ಕ್ರೀನ್ ನೆಟ್ಟಗೆ ಕಾಣ್ಬೇಕಂದ್ರೆ ನೀವೇ ಕೈ ಹಾಕಿ ಹಿಂದಕ್ಕೆ ತಳ್ಬೇಕು.

ನಂಜುಂಡಣ್ಣ: ಹಿಂಜ್ ಲೂಸಾಗಿರ್ಬೇಕು. ತರೋಕೆ ಹೇಳು, ಮಾಡ್ಕೊಡೋಣ.

ಪ್ರದೀಪ: ಬೇಕಂತಲೇ ಮಾವ! ಕೈ ತಾಗಿದ್ರೆ ಅರ್ಧ ನಮ್ಮದೇ ಅನ್ಸುತ್ತೆ. ನಾನೂ ಅಷ್ಟೆ, ಡಬ್ಬಿ ತೋರಿಸಲ್ಲ. ಫೋನ್ ಕೈಗಿಟ್ಟು, ಅವರ ಮಗೂದೇ ಫೋಟೋ ತೆಗೆದು ತೋರಿಸ್ತೀನಿ. ಮಗು ಮುದ್ದಾಗಿ ಬಂದ್ಮೇಲೆ ಫೋನ್ ವಾಪಸ್ ಇಡೋಕೆ ಯಾವ ತಾಯಿಗೆ ಮನಸ್ಸು ಬರುತ್ತೆ? ಅಮೆರಿಕದಲ್ಲಿ ರಿಚರ್ಡ್ ಥೇಲರ್ ಅಂತ ಪ್ರೊಫೆಸರು, 2017ರಲ್ಲಿ ನೊಬೆಲ್ ಬಂತು. ಅವರು, ಜೊತೆಯವರು ಸೇರಿ ಕ್ಲಾಸಲ್ಲಿ ಅರ್ಧ ಜನಕ್ಕೆ ಒಂದೊಂದು ಕಾಫಿ ಮಗ್ ಕೊಟ್ರಂತೆ. ಸ್ವಲ್ಪ ಹೊತ್ತು ಬಿಟ್ಟು ಮಾರ್ತೀರಾ ಅಂದ್ರೆ, ಮಗ್ ಸಿಗದೇ ಇದ್ದೋರು ಕೊಡ್ತೀವಿ ಅಂದಿದ್ದಕ್ಕೆ ಹೆಚ್ಚುಕಮ್ಮಿ ಡಬಲ್ ಕೇಳಿದ್ರಂತೆ ಮಗ್ ಸಿಕ್ಕಿದೋರು!

ನಂಜುಂಡಣ್ಣ: ಇದಕ್ಕೆ ನೊಬೆಲ್ಲಾ? ಹಳೇ ಬಟ್ಟೆಗೆ ಪಾತ್ರೆ ಕೊಡೋಳು ಬಂದಾಗ ನಿಮ್ಮಜ್ಜಿ ಹರಿದ ಸೀರೆಗೆ ಕುಕ್ಕರ್ ಕೇಳ್ತಿದ್ರು. ಅವರಿಗೆ ಯಾರು ಏನು ಕೊಟ್ರು?

ಪ್ರದೀಪ: ತಮಾಷೆ ಬಿಡಿ. ಜನ ಬದಲಾಗಿದ್ದಾರೆ.

ನಂಜುಂಡಣ್ಣ: ಎಲ್ಲಿ ಬದಲಾದ್ರು? ಈಗ ಮೊಬೈಲ್ ಮಾರೋ ಸಂಗೀತಾದವರು 1974ರಲ್ಲಿ ಶುರು ಮಾಡಿದಾಗ ಗ್ರಾಮಫೋನ್ ರೆಕಾರ್ಡ್ ಮಾರ್ತಿದ್ರು. ಆ ಕಾಲದಲ್ಲಿ ರೆಕಾರ್ಡ್ ಅಂಗಡಿಗೆ ಹೋದ್ರೆ ಹಾಡು ಹಾಕಿ ಕೇಳಿಸೋರು. ನಾವು ನಿಂತು ಪೂರ್ತಿ ಕೇಳಿ, ತಲೆದೂಗಿ, ಕೈಬೀಸ್ಕೊಂಡು ಮನೆಗೆ ಬರ್ತಿದ್ವಿ. ನಮ್ಮ ಇಸ್ಕಾನ್ ಗುಡ್ಡದ ಮೇಲೆ ದರ್ಶನ ಮುಗಿಸಿ ಈಚೆ ಬಾ ನೋಡೋಣ. ಪುಸ್ತಕ, ಅಗರಬತ್ತಿ, ಸಿಹಿತಿಂಡಿ ಎಲ್ಲಾ ದಾಟ್ಕೊಂಡೇ ಬರ್ಬೇಕು. ನಿಮ್ಮತ್ತೆ ಮೆಟ್ರೋ ಹತ್ತಿ ನಾಗಸಂದ್ರದ ಐಕಿಯಾಗೆ ಹೋಗಿದ್ಲು. ನೆಲದ ಮೇಲೆ ಬಾಣ ಹಾಕಿದ್ದಾರೆ ಕಣ್ರೀ, ದಾರಿ ತಪ್ಪೋದೇ ಇಲ್ಲ ಅಂದ್ಲು. ದಾರಿ ತಪ್ಪಿದ್ದು ದುಡ್ಡು.

ಪ್ರದೀಪ: ಅದಿರ್ಲಿ, ನಿಮ್ಮನೆ ಹೊಸ ಟಿವಿ ಹೆಂಗಿದೆ?

ನಂಜುಂಡಣ್ಣ: ಅದರ ಕತೆ ಕೇಳ್ಬೇಡ. ದೊಡ್ಡ ಟಿವಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು ಅಂತ, ಉಳಿತಾಯ ಮಾಡೋಣ ಬನ್ನಿ ಅಂತ ನಿಮ್ಮತ್ತೆ ಎಳ್ಕೊಂಡು ಹೋದ್ಲು. ಉಳಿಸೋಕೆ ಮೂವತ್ತೈದು ಸಾವಿರ ಖರ್ಚಾಯ್ತು. ಅಂಗಡೀಲಿ ಗಿಳಿಯ ಒಂದೊಂದು ಪುಕ್ಕಾನೂ ಎಣಿಸ್ಬೋದಿತ್ತು. ಮನೇಲಿ ಹಾಕಿದ್ರೆ ಮಂಕೋ ಮಂಕು.

ಪ್ರದೀಪ: ಅಂಗಡೀಲಿ ಸ್ಟೋರ್ ಮೋಡಲ್ಲಿ ಇಟ್ಟಿರ್ತಾರೆ ಮಾವ. ಬ್ರೈಟ್‌ನೆಸ್ ಪೂರ್ತಿ, ಬಣ್ಣ ಪೂರ್ತಿ. ಮೇಲಿನ ಟ್ಯೂಬ್‌ಲೈಟ್‌ಗಳ ಬೆಳಕನ್ನೂ, ಪಕ್ಕದ ಟಿವಿಯನ್ನೂ ಸೋಲಿಸ್ಬೇಕಲ್ಲ. ಓಡಿಸೋದೂ ಅದಕ್ಕಂತಲೇ ತೆಗೆದ ಗಿಳಿ, ಹಣ್ಣು, ಸಮುದ್ರ. ಮನೆಗೆ ತಂದಾಗ ಹೋಮ್ ಮೋಡ್.

ನಂಜುಂಡಣ್ಣ: ನಿಮ್ಮತ್ತೆ ನೋಡೋ ಸೀರಿಯಲ್ಲಲ್ಲಿ ಗಿಳಿ ಎಲ್ಲಿ ಬರುತ್ತೆ? ಬರೋದೆಲ್ಲಾ ಅತ್ತೆಯರು. ಮಲಗುವಾಗಲೂ ಅವರು ಸ್ಟೋರ್ ಮೋಡಲ್ಲೇ ಇರ್ತಾರೆ, ಆದರೂ ಮಂಕು!

ಪ್ರದೀಪ: ನೋ ಕಾಸ್ಟ್ ಇಎಂಐಲಿ ತಗೊಂಡ್ರಾ?

ನಂಜುಂಡಣ್ಣ: ತಗೊಂಡೆ. ಆಮೇಲೆ ಮೂರನೇ ಬ್ಲಾಕಿನ ಬ್ಯಾಂಕ್ ರಾಯರು ಗ್ರೈಂಡರ್ ರಿಪೇರಿಗೆ ತಂದಾಗ ಇಲ್ಲೇ ಕೂತು ಪಾಠ ಮಾಡಿದ್ರು. ಸೊನ್ನೆ ಬಡ್ಡಿ ಅನ್ನೋದು ಇಲ್ಲವೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆಯಂತೆ. ಬಡ್ಡಿ ಇದ್ದೇ ಇರುತ್ತೆ, ಅಷ್ಟನ್ನ ಡಿಸ್ಕೌಂಟ್ ಅಂತ ಮೊದಲೇ ಕಳೀತಾರೆ. ಆ ಬಡ್ಡಿ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನನ್ನ ತಲೆಗೆ. ಪ್ರೊಸೆಸಿಂಗ್ ಫೀ ಬೇರೆ.

ಪ್ರದೀಪ: ಅದನ್ನ ನಾವು ಜೋರಾಗಿ ಹೇಳಲ್ಲ. ಅದಿರ್ಲಿ, ಒಂದು ಗಂಟೆ ಅಂಗಡಿ ನನಗೆ ಬಿಡಿ.

(ಮೇಜಿನ ಮೇಲಿದ್ದ ಬ್ಲೇಡು, ವಾಷರು, ಸೋಲ್ಡರಿಂಗ್ ಗನ್ ಎಲ್ಲವೂ ಗೋಣಿಚೀಲಕ್ಕೆ ಹೋಗುತ್ತವೆ. ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಕಪ್ಪು ಪಂಚೆ ಮೇಜಿನ ಮೇಲೆ ಹರಡುತ್ತದೆ.)

ನಂಜುಂಡಣ್ಣ: ಲೋ, ಅದು ಶಬರಿಮಲೆದು ಕಣೋ!

ಪ್ರದೀಪ: ಸ್ವಾಮಿಯೇ ಕಾಪಾಡ್ಲಿ. ಆ ಬ್ರಷ್ ಹಾಕಿದ ಮಿಕ್ಸಿ ಕೊಡಿ.

ನಂಜುಂಡಣ್ಣ: ಅದು ಗಿರಾಕಿದು, ಮಾರೋದಲ್ಲ. ಈಗ ಬರ್ತಾರೆ.

ಪ್ರದೀಪ: ಸುಮ್ನೆ ಶೋಗೆ. ಬೆಲೆ ಚೀಟಿ ಬೇಡ, ಕೇಳಿದೋರಿಗೆ ಹೇಳೋಣ. ಇನ್ನೆರಡು ಇದ್ದಿದ್ರೆ ಚೆನ್ನಾಗಿತ್ತು. ತುಟ್ಟಿದೊಂದು, ಅಗ್ಗದ್ದೊಂದು ಅಕ್ಕಪಕ್ಕ ಇಡೋದೇ ನಡುವಿನದನ್ನ ಸಾಗಹಾಕೋಕೆ.

(ಮಿಕ್ಸಿಗೆ ಸೋಪುನೀರಿನ ಸ್ನಾನ, ಹಳೇ ಟೂತ್‌ಬ್ರಷ್‌ನಿಂದ ಸಂದುಗೊಂದಿಯ ಹಿಟ್ಟಿನ ಉತ್ಖನನ. ಪ್ರದೀಪ ತನ್ನ ರೀಲ್ಸಿನ ರಿಂಗ್ ಲೈಟ್ ಸಿಕ್ಕಿಸಿ ಸ್ವಿಚ್ ಹಾಕುತ್ತಾನೆ. ಕಪ್ಪು ಪಂಚೆಯ ಮೇಲೆ ಮಿಕ್ಸಿ ಥಳಥಳ. ಅಷ್ಟರಲ್ಲಿ ನಿವೃತ್ತ ಟೀಚರ್ ಸಾವಿತ್ರಮ್ಮ ಬರುತ್ತಾರೆ.)

ಸಾವಿತ್ರಮ್ಮ: ನಂಜುಂಡಪ್ಪಾ, ನಮ್ಮ ಮಿಕ್ಸಿ ಆಯ್ತೇನಪ್ಪಾ... (ನಿಂತು) ಇದ್ಯಾವುದಿದು?

ಪ್ರದೀಪ: ಮುಟ್ಟಿ ನೋಡಿ ಅಮ್ಮ. ನೀವೇ ಸ್ವಿಚ್ ತಿರುಗಿಸಿ.

ಸಾವಿತ್ರಮ್ಮ: (ತಿರುಗಿಸಿ) ಆಹಾ, ಬೆಣ್ಣೆ ಇದ್ದ ಹಾಗಿದೆ! ನಮ್ಮನೇದು ಹಾಕಿದ್ರೆ ಪಕ್ಕದ್ಮನೆಯವರು ಎದ್ದು ಕೂರ್ತಾರೆ. ಹೀಗ್ಮಾಡು ನಂಜುಂಡಪ್ಪ, ನಮ್ಮ ಹಳೇದನ್ನ ನೀನೇ ಇಟ್ಕೊಂಡುಬಿಡು. ಮೇಲೆ ಎಷ್ಟು ಕೊಡ್ಲಿ?

ಪ್ರದೀಪ: (ಪಿಸುಗುಟ್ಟುತ್ತಾ) ಮಾವ, ಎರಡು ಸಾವಿರ ಅನ್ನಿ.

ನಂಜುಂಡಣ್ಣ: ಥೂ, ಸುಮ್ನಿರು. ಟೀಚರಮ್ಮ, ಇದು ನಿಮ್ಮದೇ.

ಸಾವಿತ್ರಮ್ಮ: ನನಗೆ ಗೊತ್ತಿಲ್ವೇನಪ್ಪಾ ನಮ್ಮದು? ಅದು ಹಳದಿಗೆ ತಿರುಗಿದೆ.

ನಂಜುಂಡಣ್ಣ: ಹಳದಿ ಅಲ್ಲ, ಅರಿಶಿನ. ಇವನು ತೊಳೆದ. ನಾನು ಬ್ರಷ್ಷು, ಕಪ್ಲಿಂಗು ಬದಲಿಸ್ದೆ. ಮುನ್ನೂರೈವತ್ತು ಆಗಿದೆ. ಬೇಕಾದ್ರೆ ಜಾರ್ ತಿರುಗಿಸಿ ನೋಡಿ.

(ಜಾರಿನ ಮೇಲೆ ಪಾತ್ರೆ ಅಂಗಡಿಯವನು ಕೊರೆದ ಸೊಟ್ಟಪಟ್ಟ ಅಕ್ಷರ: ‘ಸಾವಿತ್ರಿ’. ಸಾವಿತ್ರಮ್ಮ ಕನ್ನಡಕ ಹಾಕಿಕೊಂಡು ಓದುತ್ತಾರೆ. ಜಾರ್ ನೋಡುತ್ತಾರೆ, ಪಂಚೆ ನೋಡುತ್ತಾರೆ, ಕೊನೆಗೆ ತಲೆಯೆತ್ತಿ ಲೈಟ್ ನೋಡುತ್ತಾರೆ.)

ಸಾವಿತ್ರಮ್ಮ: ಹಂಗಾದ್ರೆ ಈ ಬಳೆ ಥರದ ಲೈಟ್ ಎಷ್ಟಪ್ಪಾ? ನಮ್ಮ ಅಡುಗೆಮನೇಲಿ ಹಳೇ ಸಾಮಾನು ಇನ್ನೂ ಬೇಕಾದಷ್ಟಿದೆ.

ಪ್ರದೀಪ: ಮೂರು ಮಾಡೆಲ್ ಬರುತ್ತೆ ಅಮ್ಮ. ಕೂತ್ಕೊಳಿ, ಕಾಫಿ ತರಿಸ್ತೀನಿ.