ಕಾಲು ವಾಟಿನ ಸಂಸಾರ

ಮಿತವಾದ ಆದಾಯವುಳ್ಳ ಗೃಹಸ್ಥನು ಕೊಳ್ಳುವ ವಸ್ತುಗಳ ಪೈಕಿ ಹೈಫೈ ಸಂಗೀತ ವ್ಯವಸ್ಥೆಯಷ್ಟು ಅಂಕಿಗಳನ್ನು ಹೊತ್ತು ಮನೆಗೆ ಬರುವ ವಸ್ತು ಇನ್ನೊಂದಿರಲಾರದು. ಫ್ರಿಜ್ಜಿಗೆ ಲೀಟರು, ವಾಷಿಂಗ್ ಮೆಷಿನ್ನಿಗೆ ಕಿಲೋ ಎಂಬ ಒಂದೊಂದೇ ಅಂಕಿ ಸಾಕಾಗಿ, ಮನೆಮಂದಿಯೆಲ್ಲ ಅದನ್ನು ಅರ್ಥಮಾಡಿಕೊಂಡು ಚರ್ಚೆಯನ್ನು ಮುಗಿಸುತ್ತಾರೆ. ಹೈಫೈ ವಿಷಯದಲ್ಲಾದರೋ ವಾಟು, ಓಮು, ಡೆಸಿಬಲ್, ಹರ್ಟ್ಸ್ ಎಂಬ ನಾಲ್ಕು ಬಗೆಯ ಅಂಕಿಗಳು ಒಟ್ಟಿಗೆ ಬಂದು, ಅವು ತನಗೆ ತಿಳಿದಿವೆ ಎನ್ನುವವನು ಮನೆಯಲ್ಲಿ ಒಬ್ಬನೇ ಆಗಿ, ಅವನನ್ನು ನಂಬುವವರು ಯಾರೂ ಇಲ್ಲದಂತಾಗುತ್ತದೆ. ಧ್ವನಿಮುದ್ರಣದಲ್ಲಿ ಇರುವ ನಾದವನ್ನು ಕೂಡಿಸದೆ ಕಳೆಯದೆ ಕಿವಿಗೆ ಮುಟ್ಟಿಸುವ ಸಲಕರಣೆಗೆ ಹೈಫೈ ಎಂದು ಹೆಸರು. ಹಾಡನ್ನು ಓದುವ ಯಂತ್ರ, ಅದು ಕೊಡುವ ಸಣ್ಣ ವಿದ್ಯುತ್ ಸಂಕೇತವನ್ನು ಹಿಗ್ಗಿಸುವ ಆಂಪ್ಲಿಫೈಯರ್, ಹಿಗ್ಗಿದ ಸಂಕೇತವನ್ನು ಗಾಳಿಯ ಕಂಪನವಾಗಿಸುವ ಒಂದು ಜೊತೆ ಸ್ಪೀಕರು, ಇವಿಷ್ಟೇ ಅದರ ಅಂಗಗಳು. ಇವನ್ನು ಮೂವತ್ತು ನಲವತ್ತು ಸಾವಿರ ರೂಪಾಯಿಗಳೊಳಗೆ ಜೋಡಿಸಲು ಹೊರಟವನು ತನ್ನ ಕಿಸೆಯನ್ನು ಹಳಿದುಕೊಳ್ಳುವುದು ವಾಡಿಕೆ. ಆದರೆ ಆ ನಾಲ್ಕು ಬಗೆಯ ಅಂಕಿಗಳನ್ನು ಬಿಡಿಸಿ ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಆ ಮನೆಯಲ್ಲಿ ಎಂದೂ ಬಳಕೆಗೆ ಬಾರದ ಸಾಮರ್ಥ್ಯದ ವರ್ಣನೆಗಳೆಂದೂ, ತೆಳುವಾದ ಕಿಸೆಯೇ ಆತನಿಗೆ ದೊರೆತ ಅತ್ಯುತ್ತಮ ಸಲಹೆಗಾರನೆಂದೂ ತಿಳಿದುಬರುತ್ತದೆ.

ಅಗ್ರಪೂಜೆ ವಾಟಿಗೆ ಸಲ್ಲತಕ್ಕದ್ದು. ಆಂಪ್ಲಿಫೈಯರು ಸ್ಪೀಕರಿಗೆ ನೀಡಬಲ್ಲ ವಿದ್ಯುತ್ ಶಕ್ತಿಯ ಅಳತೆ ವಾಟು. ಅದನ್ನು ಎಡೆಬಿಡದೆ ನೀಡಬಲ್ಲ ಪ್ರಮಾಣವನ್ನು ಆರ್‌ಎಂಎಸ್ ಎಂದೂ, ಕಣ್ಣು ಮಿಟುಕಿಸುವಷ್ಟು ಹೊತ್ತು ನೀಡಬಹುದೆಂದು ತಯಾರಕನು ಆಶಿಸುವ ಪ್ರಮಾಣವನ್ನು ಪಿಎಂಪಿಒ ಎಂದೂ ಕರೆಯುತ್ತಾರೆ. ಗೋಡೆಯ ಪ್ಲಗ್ಗಿನಿಂದ ಇಪ್ಪತ್ತು ವಾಟು ಪಡೆಯುವ ಪೆಟ್ಟಿಗೆಯೊಂದು ಎರಡು ಸಾವಿರ ವಾಟು ಹೊರಗೆಡಹುವುದೆಂದು ಡಬ್ಬಿಯ ಮೇಲೆ ಅಚ್ಚಾಗಿದ್ದರೆ, ಶಕ್ತಿಯ ನಿತ್ಯತೆಯ ನಿಯಮವನ್ನು ಶಾಲೆಯಲ್ಲಿ ಓದಿದವನು ಆ ಡಬ್ಬಿಯನ್ನು ವಿನಯದಿಂದ ಕೆಳಗಿಡುವುದು ಯೋಗ್ಯ. ಇನ್ನು ಪ್ರಾಮಾಣಿಕವಾದ ಆರ್‌ಎಂಎಸ್ ವಾಟಿನ ಗತಿಯನ್ನಾದರೂ ನೋಡಬೇಕು. ಒಂದು ವಾಟು ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸ್ಪೀಕರು ಎಷ್ಟು ಡೆಸಿಬಲ್ ಸದ್ದು ಮಾಡುವುದೆಂಬುದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ಸದ್ದಿನ ಅಳತೆಯಾದ ಡೆಸಿಬಲ್ಲಿನ ವಿಚಿತ್ರವೆಂದರೆ, ವಾಟು ಇಮ್ಮಡಿಯಾದರೆ ಅದು ಕೇವಲ 3 ಏರುತ್ತದೆ, ಕಿವಿಗೆ ಸದ್ದು ಇಮ್ಮಡಿಯಾಯಿತೆಂದು ಅನಿಸಬೇಕಾದರೆ ಸುಮಾರು 10 ಏರಬೇಕು, ಅಂದರೆ ವಾಟು ಹತ್ತು ಮಡಿಯಾಗಬೇಕು. ಹೀಗಿರುವಲ್ಲಿ 87 ಡೆಸಿಬಲ್ ಸೆನ್ಸಿಟಿವಿಟಿಯ ಸಾಧಾರಣ ಸ್ಪೀಕರುಗಳ ಜೊತೆಯೊಂದರಿಂದ ಎರಡೂವರೆ ಮೀಟರ್ ದೂರ ಕುಳಿತವನು 75 ಡೆಸಿಬಲ್ಲಿನ, ಎಂದರೆ ಪಕ್ಕದವರೊಡನೆ ಮಾತನಾಡಲು ದನಿ ಎತ್ತಬೇಕಾಗುವಷ್ಟು ಗಟ್ಟಿಯಾದ, ಸಂಗೀತವನ್ನು ಕೇಳಲು ಸರಾಸರಿ ಕಾಲು ವಾಟಿಗಿಂತ ಹೆಚ್ಚು ಬೇಕಾಗುವುದಿಲ್ಲ. ತನಿ ಆವರ್ತನದ ಮುಕ್ತಾಯದಲ್ಲಿ ಮೃದಂಗದ ಮೇಲೆ ಬೀಳುವ ಪೆಟ್ಟುಗಳಿಗೆ ಕ್ಷಣಮಾತ್ರ ಹತ್ತಿಪ್ಪತ್ತು ವಾಟು ಬೇಕಾದೀತು. ಐವತ್ತು ವಾಟಿನ ಆಂಪ್ಲಿಫೈಯರಿನಲ್ಲಿ ಉಳಿದದ್ದೆಲ್ಲ, ವರ್ಷಕ್ಕೊಮ್ಮೆ ಬರುವ ನೆಂಟರಿಗಾಗಿ ಅಟ್ಟದ ಮೇಲಿಟ್ಟ ಕೊಳದಪ್ಪಲೆಯಂತೆ, ಇದೆ ಎಂಬ ಸಮಾಧಾನಕ್ಕೆ ಮಾತ್ರ ಇರುವಂಥದು.

ಸದ್ದಿನ ಮೇಲ್ಮಿತಿಯ ಕಥೆ ಇದಾದರೆ ಕೆಳಮಿತಿಯದು ಇನ್ನೂ ಸೊಗಸು. ಅತಿ ಮೆಲುವಾದ ಸದ್ದಿಗೂ ಅತಿ ಗಟ್ಟಿಯಾದ ಸದ್ದಿಗೂ ನಡುವಿನ ಅಂತರವನ್ನು ಡೈನಮಿಕ್ ರೇಂಜ್ ಎನ್ನುತ್ತಾರೆ; 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿ ಈ ಅಂತರವನ್ನು ಸುಮಾರು 96 ಡೆಸಿಬಲ್ಲಿನವರೆಗೆ ಹಿಡಿದಿಡುತ್ತದೆ, ಅದರ ನಂತರದ ರೂಪಗಳು ಇನ್ನೂ ಹೆಚ್ಚು ಹಿಡಿಯುತ್ತವೆ. ಆದರೆ ಸಾಮಾನ್ಯ ಮನೆಯ ಹಾಲಿನಲ್ಲಿ ಫ್ಯಾನು ತಿರುಗುತ್ತಿರುವಾಗ ಯಾರೂ ಏನೂ ಮಾಡದಿದ್ದರೂ 40 ಡೆಸಿಬಲ್ಲಿನಷ್ಟು ಸದ್ದು ಇದ್ದೇ ಇರುತ್ತದೆ. ಆ ಫ್ಯಾನಿನ ಮೇಲೆ ಕೇಳಿಸುವಂತೆ ಅತಿ ಮೆಲುವಾದ ಸ್ವರವನ್ನು ಏರಿಸಿ, ಅದಕ್ಕೆ 96ನ್ನು ಕೂಡಿಸಿದರೆ ಬರುವ 136 ಡೆಸಿಬಲ್ಲು ಕಿವಿ ನೋಯುವ ಮಿತಿಯನ್ನೂ ದಾಟುತ್ತದೆ. ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಎಂದು ಗೊತ್ತುಪಡಿಸಿರುವ ಮಿತಿಯ ಮಾತಂತೂ ಬೇರೆಯೇ. ಆದಕಾರಣ ಇನ್ನೂ ಹೆಚ್ಚಿನ ಡೈನಮಿಕ್ ರೇಂಜಿಗಾಗಿ ಹಣ ತೆರಲು ಸಿದ್ಧನಾದವನು ಮೊದಲು ಫ್ಯಾನನ್ನು ಆರಿಸತಕ್ಕದ್ದು. ಅದಕ್ಕೆ ಖರ್ಚಿಲ್ಲ, ಬೆವರು ಮಾತ್ರ.

ಹರ್ಟ್ಸ್ ಎಂಬುದು ಸೆಕೆಂಡಿಗೆ ಎಷ್ಟು ಕಂಪನ ಎಂಬುದರ ಎಣಿಕೆ. ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳುವುದೆಂದು ಪಠ್ಯಪುಸ್ತಕಗಳು ಹೇಳುವುದು ಎಳೆಯ ಕಿವಿಯನ್ನು ಕುರಿತು; ಐವತ್ತು ದಾಟಿದ ಅನೇಕರಿಗೆ 12,000ದ ಆಸುಪಾಸಿನಲ್ಲೇ ಪ್ರಪಂಚವು ಶಾಂತವಾಗಿಬಿಡುತ್ತದೆ. ಸಂಪೂರ್ಣ ಶ್ರವಣಶಕ್ತಿ ಇರುವ ಹಸುಳೆಗೆ ಹೈಫೈ ಎಂದರೆ ರಿಮೋಟನ್ನು ಕಚ್ಚುವ ಅವಕಾಶವಷ್ಟೆ. ಕಾಲೇಜಿನ ತರುಣನಿಗೆ ಕಿವಿಯಿದ್ದರೂ ಕಾಸಿಲ್ಲ. ಸಾಲಗಳು ತೀರಿ ಕಾಸು ಕೂಡುವ ಹೊತ್ತಿಗೆ ಕಿವಿಯು ಮೇಲಿನಿಂದ ನಿವೃತ್ತಿ ಪಡೆಯುತ್ತಾ ಬಂದಿರುತ್ತದೆ. ಹೀಗಿದ್ದೂ 40,000 ಹರ್ಟ್ಸ್ ಮುಟ್ಟುವ ಸ್ಪೀಕರುಗಳು ಹೈ-ರೆಸ್ ಎಂಬ ಮುದ್ರೆಯೊಡನೆ ಮಾರಾಟವಾಗುತ್ತವೆ. ಅವುಗಳಿಂದ ಪ್ರಯೋಜನ ಪಡೆಯಬಲ್ಲದ್ದು ಬೀದಿಯ ನಾಯಿ, ಅದು ಬೆಲೆಯಲ್ಲಿ ಪಾಲು ಕೊಡುವ ಸಂಪ್ರದಾಯವಿಲ್ಲ. ಕೆಳತುದಿಯ 20 ಹರ್ಟ್ಸ್‌ಗಾಗಿಯೂ ಹಂಬಲಿಸಬೇಕಾಗಿಲ್ಲ. ಗಂಡು ಕಂಠಕ್ಕೆ ಹೂಡಿದ ತಂಬೂರಿಯ ಮಂದ್ರ ಷಡ್ಜವೇ 65 ಹರ್ಟ್ಸ್‌ನ ಆಸುಪಾಸಿನಲ್ಲಿದ್ದು, ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಸಣ್ಣ ಸ್ಪೀಕರೂ ಅಲ್ಲಿಯವರೆಗೆ ಇಳಿಯಬಲ್ಲದು. ಅದಕ್ಕೂ ಕೆಳಗಿರುವುದು ಬಹುಮಟ್ಟಿಗೆ ಸಿನಿಮಾದ ಬಾಂಬುಗಳ ಕ್ಷೇತ್ರ.

ಅಂಕಿಗಳ ಮೋಹ ಇಷ್ಟಾದರೂ ಕಳೆದ ಮೇಲೆ, ಹಣವನ್ನು ಯಾವ ಅಂಗಕ್ಕೆ ಎಷ್ಟು ಹಂಚಬೇಕೆಂಬ ಪ್ರಶ್ನೆ ಏಳುತ್ತದೆ, ಮತ್ತು ಅದರಲ್ಲಿ ಎರಡು ಮತಗಳಿವೆ. ಮೊದಲಲ್ಲೇ ಕಳೆದುಹೋದದ್ದನ್ನು ಮುಂದಿನ ಯಾವ ಅಂಗವೂ ತಂದುಕೊಡಲಾರದು, ಆದ್ದರಿಂದ ಹಾಡನ್ನು ಓದುವ ಯಂತ್ರಕ್ಕೇ ಹೆಚ್ಚು ಹಣ ಹಾಕಬೇಕು ಎಂಬುದು ಪೂರ್ವಪಕ್ಷ. 1970ರ ದಶಕದಲ್ಲಿ ಸ್ಕಾಟ್ಲೆಂಡಿನ ಲಿನ್ ಕಂಪನಿಯು ತನ್ನ ಟರ್ನ್‌ಟೇಬಲ್ಲಿನ ಜೊತೆಗೆ ಈ ವಾದವನ್ನೂ ಮಾರಿತು. ಮುಳ್ಳು ತಟ್ಟೆಯ ಗೀರಿನಲ್ಲಿ ಓಡುತ್ತಿದ್ದ ಕಾಲಕ್ಕೆ ಅದು ಒಪ್ಪತಕ್ಕ ಮಾತೇ ಆಗಿತ್ತು. ಡಿಜಿಟಲ್ ಬಂದ ಮೇಲೆ ಸಾಧಾರಣ ಪ್ಲೇಯರೋ ಮೊಬೈಲೋ ಮಾಡುವ ತಪ್ಪು ಕಿವಿಯ ಅಳವಿಗೂ ಕೆಳಗಿಳಿದಿರುವುದರಿಂದ ಸಿದ್ಧಾಂತವು ಬದಲಾಗಿದೆ. ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕುವೊಂದು ನಿಜವಾಗಿ ಹಿಂದೆ ಮುಂದೆ ಅಲುಗಾಡಬೇಕಾದ ಸ್ಪೀಕರಿನಲ್ಲೇ ನಾದವು ಅತ್ಯಂತ ಹೆಚ್ಚು ಕೆಡುವುದರಿಂದ, ಇರುವ ಹಣದಲ್ಲಿ ಅರ್ಧಕ್ಕಿಂತ ಮೇಲ್ಪಟ್ಟ ಪಾಲು ಸ್ಪೀಕರಿಗೆ ಸಲ್ಲುವುದು ನ್ಯಾಯ. ಆಂಪ್ಲಿಫೈಯರನ್ನು ತಮ್ಮ ಪೆಟ್ಟಿಗೆಯೊಳಗೇ ಇರಿಸಿಕೊಂಡ ಆಕ್ಟಿವ್ ಸ್ಪೀಕರುಗಳು ಈ ಲೆಕ್ಕವನ್ನು ಇನ್ನೂ ಹಗುರಗೊಳಿಸುತ್ತವೆ. ಸೆಕೆಂಡ್‌ಹ್ಯಾಂಡ್ ಮಾಲಿಗೆ ಇಳಿಯುವವನು ಶಂಕುವಿನ ಅಂಚನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಬೇಕು. ಫೋಮಿನ ಅಂಚು ಹತ್ತು ಹದಿನೈದು ವರ್ಷಗಳಲ್ಲಿ ಪುಡಿಪುಡಿಯಾಗುವುದುಂಟು, ರಬ್ಬರಿನದು ಬಹುಕಾಲ ಬಾಳುತ್ತದೆ.

ಅಂಗಡಿಯ ಪರೀಕ್ಷೆಯಲ್ಲಿ ಎಚ್ಚರ ಬೇಕು. ಎರಡು ಸ್ಪೀಕರುಗಳಲ್ಲಿ ಒಂದು ಒಂದೆರಡು ಡೆಸಿಬಲ್ ಗಟ್ಟಿಯಾಗಿ ನುಡಿದರೂ ಕಿವಿಯು ಅದನ್ನು ಗಟ್ಟಿಯೆಂದು ಗುರುತಿಸದೆ ಸ್ಪಷ್ಟವೆಂದು ಮೆಚ್ಚುತ್ತದೆ. ಮಾರುವವನು ಹಾಕುವ ಹಾಡೂ ಸ್ಪೀಕರಿಗೆ ಒಪ್ಪುವಂತೆ ಆರಿಸಿದ್ದಾಗಿದ್ದು, ಗುಡುಗು ಮತ್ತು ಗಾಜು ಒಡೆಯುವ ಸದ್ದು ಎಂಬ, ಗೃಹಸ್ಥನು ಮನೆಯಲ್ಲಿ ಬಯಸದ ಎರಡು ಸಂಗತಿಗಳನ್ನು ಅದು ಯಥೇಚ್ಛವಾಗಿ ಒಳಗೊಂಡಿರುತ್ತದೆ. ಇದಕ್ಕೆ ಪರಿಹಾರವು ತಂಬೂರಿ, ಮೃದಂಗಗಳ ಸ್ಪಷ್ಟ ಮುದ್ರಣವೊಂದನ್ನು ಜೊತೆಗೆ ಒಯ್ಯುವುದು. ಮೃದಂಗದ ಬಲಮುಖದ ನಡುವೆ ಮೆತ್ತಿದ ಕಪ್ಪು ಕರಣೆಯಿಂದಾಗಿ ಅದರ ಉಪಸ್ವರಗಳು ಇತರ ಚರ್ಮವಾದ್ಯಗಳಂತೆ ಚೆದುರದೆ ಶ್ರುತಿಯ ಲೆಕ್ಕಕ್ಕೆ ಬರುತ್ತವೆಂದು 1920ರಲ್ಲಿಯೂ, ಅಗಲವಾದ ಕುದುರೆಯನ್ನು ಸವರುತ್ತಾ ಮಿಡಿಯುವುದರಿಂದ ತಂಬೂರಿಯ ತಂತಿಯು ಉಪಸ್ವರಗಳ ಸಂಪತ್ತನ್ನು ಪಡೆಯುತ್ತದೆಂದು ಮರುವರ್ಷವೂ ತೋರಿಸಿಕೊಟ್ಟವರು ಸಿ. ವಿ. ರಾಮನ್. ಹೀಗೆ ಹೆಣೆದುಕೊಂಡ ಉಪಸ್ವರಗಳನ್ನು ಬಿಡಿಬಿಡಿಯಾಗಿ ಜೇಂಕರಿಸುವ ಸ್ಪೀಕರನ್ನು ನಂಬಬಹುದು. ತಂಬೂರಿಯು ಫ್ರಿಜ್ಜಿನಂತೆ ಗುಂಯ್‌ಗುಟ್ಟಿದರೆ, ಗಾಜು ಎಷ್ಟೇ ಅಂದವಾಗಿ ಒಡೆದಿದ್ದರೂ, ಎದ್ದು ಬರುವುದು ಲೇಸು.

ಕೊಂಡುತಂದ ಮೇಲೆ ಸ್ಪೀಕರಿನ ಹಣೆಬರಹವನ್ನು ನಿರ್ಧರಿಸುವುದು ಕೋಣೆ. ಎರಡು ಸ್ಪೀಕರುಗಳೂ ಕೇಳುಗನೂ ಸಮಭುಜ ತ್ರಿಕೋನದ ಮೂರು ಮೂಲೆಗಳಲ್ಲಿದ್ದರೆ ಗಾಯಕನು ನಡುವೆಯೂ, ಪಿಟೀಲು ಒಂದು ಬದಿಗೂ, ಮೃದಂಗ ಇನ್ನೊಂದು ಬದಿಗೂ ಕುಳಿತಂತೆ ಭಾಸವಾಗುವುದು ಸ್ಟೀರಿಯೊದ ತತ್ತ್ವ. ಮನೆಯ ಜ್ಯಾಮಿತಿಯು ಯೂಕ್ಲಿಡನ ಮಾತಿಗಿಂತ ಗೃಹಿಣಿಯ ಮಾತನ್ನು ಹೆಚ್ಚಾಗಿ ಅನುಸರಿಸುವುದರಿಂದ, ಒಂದು ಸ್ಪೀಕರು ಶೋಕೇಸಿನ ಚನ್ನಪಟ್ಟಣದ ಬೊಂಬೆಗಳ ಪಕ್ಕದಲ್ಲಿ ಕಣ್ಣೆತ್ತರಕ್ಕೂ, ಇನ್ನೊಂದು ಚಪ್ಪಲಿ ಸ್ಟ್ಯಾಂಡಿನ ಪಕ್ಕದಲ್ಲಿ ಮೊಣಕಾಲೆತ್ತರಕ್ಕೂ ಸ್ಥಾಪಿತವಾಗುತ್ತವೆ. ಇದರ ಮೇಲೆ ಒಂದು ಸ್ಪೀಕರಿನ ಕೆಂಪು, ಕಪ್ಪು ತಂತಿಗಳು ಅದಲುಬದಲಾದರೆ, ಒಂದರ ಶಂಕು ಮುಂದೆ ಬರುವಾಗ ಇನ್ನೊಂದರದು ಹಿಂದೆ ಸರಿದು, ತಗ್ಗಿನ ಸ್ವರಗಳು ಪರಸ್ಪರ ರದ್ದಾಗಿ, ನಡುವೆ ಕುಳಿತಿದ್ದ ಗಾಯಕನು ಸರ್ವಾಂತರ್ಯಾಮಿಯಾಗುತ್ತಾನೆ. ಇನ್ನು ಹನ್ನೆರಡು ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಸ್‌ನ ಅಲೆಯು ಎರಡು ಗೋಡೆಗಳ ನಡುವೆ ನಿಂತುಬಿಟ್ಟು, ಗೋಡೆಯ ಹತ್ತಿರ ಉಬ್ಬಿಯೂ ಕೋಣೆಯ ನಡುವೆ ಬತ್ತಿಯೂ ಕೇಳಿಸುತ್ತದೆ; ನಮ್ಮ ಕಡೆಯ ಸೋಫಾಗಳೆಲ್ಲ ಗೋಡೆಗೆ ಬೆನ್ನು ಕೊಟ್ಟೇ ಇರುವುದರಿಂದ ಈ ಉಬ್ಬನ್ನು ಸ್ಪೀಕರಿನ ಗಾಂಭೀರ್ಯವೆಂದು ಭಾವಿಸುವವರುಂಟು. ಅಡಿಯಷ್ಟು ಮುಂದೆ ಸರಿಸಿದ ಸೋಫಾ, ದಪ್ಪ ಪರದೆ, ನೆಲಕ್ಕೊಂದು ನವಲಗುಂದದ ಜಮಖಾನ, ಓದಿದ್ದರೂ ಓದದಿದ್ದರೂ ತುಂಬಿದ ಪುಸ್ತಕದ ಕಪಾಟು, ಇವು ಸಾವಿರಾರು ರೂಪಾಯಿಗಳ ಹೊಸ ಆಂಪ್ಲಿಫೈಯರು ಮಾಡಲಾರದ ಸುಧಾರಣೆಯನ್ನು ಮಾಡುತ್ತವೆ.

ತಂತಿಯ ವಿಷಯವನ್ನು ಬೇಗ ಮುಗಿಸಬಹುದು. ವಿದ್ಯುತ್ ಹರಿವಿಗೆ ಒಡ್ಡುವ ತಡೆಯನ್ನು ಓಮಿನಲ್ಲಿ ಅಳೆಯುತ್ತಾರೆ, 1.5 ಚದರ ಮಿಲಿಮೀಟರ್ ದಪ್ಪದ ಸಾಮಾನ್ಯ ತಾಮ್ರದ ತಂತಿಯಲ್ಲಿ ಮೂರು ಮೀಟರ್ ಹೋಗಿ ಬರುವ ತಡೆಯು 0.1 ಓಮಿಗಿಂತ ಕಡಿಮೆ, ಸ್ಪೀಕರಿನದು 8 ಓಮು. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದ ಮೇಲೆಯೂ ಸ್ಪೀಕರಿಗಿಂತ ದುಬಾರಿಯಾದ ತಂತಿಯನ್ನು ಕೊಳ್ಳುವವನಿಗೆ ಮಿತ ಬಜೆಟ್ಟಿನವನೆಂಬ ಹೆಸರು ಒಪ್ಪದು.

ಇಷ್ಟೆಲ್ಲ ಸಾಧಿಸಿದವನು ಯಾವುದಕ್ಕೆ ನಿಷ್ಠನಾಗುತ್ತಾನೆಂಬ ತಾತ್ತ್ವಿಕ ಪ್ರಶ್ನೆ ಉಳಿಯುತ್ತದೆ. 1902ರಲ್ಲಿ ಗ್ರಾಮೊಫೋನ್ ಕಂಪನಿಗಾಗಿ ಕೊಳವೆಯೊಳಕ್ಕೆ ಹಾಡಿ, ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ತೀರಿಕೊಂಡ ಗೌಹರ್ ಜಾನ್ ಅವರ ತಟ್ಟೆಗಳಾಗಲಿ, ಹಳೆಯ ಆಕಾಶವಾಣಿ ಮುದ್ರಣಗಳಾಗಲಿ ಉತ್ತಮ ಸ್ಪೀಕರಿನಲ್ಲಿ ಹೆಚ್ಚು ಚೆನ್ನಾಗಿ ಕೇಳಿಸುವಂತೆಯೇ ಅವುಗಳ ಗೊರಗೊರವೂ ಹೆಚ್ಚು ಚೆನ್ನಾಗಿಯೇ ಕೇಳಿಸುತ್ತದೆ. ಮುದ್ರಣವನ್ನು ಬಿಟ್ಟು ಸಾಕ್ಷಾತ್ ಕಛೇರಿಯನ್ನೇ ಪ್ರಮಾಣವಾಗಿ ಹಿಡಿಯೋಣವೆಂದರೆ, ಪಿಟೀಲಿನ ನಾದವು ಹಿಂದಿನ ಸಾಲಿಗೂ ಮುಟ್ಟಲೆಂದು ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಗಳನ್ನು ಹೂಡಿದ್ದು ಮೈಕು ಬಳಕೆಗೆ ಬರುವ ಮುಂಚಿನ ದಿನಗಳ ಅಗತ್ಯಕ್ಕೆ. ಇಂದಿನ ರಾಮನವಮಿಯ ಪೆಂಡಾಲಿನಲ್ಲಿ ಹಿಂದಿನ ಸಾಲಿನವನು ಕೇಳುವುದು ಕಂಬಕ್ಕೆ ಕಟ್ಟಿದ ಸ್ಪೀಕರನ್ನೇ. ಆ ಸ್ಪೀಕರನ್ನು ಬಾಡಿಗೆಗೆ ಗೊತ್ತುಮಾಡಿದ ಸಮಿತಿಗೂ ಒಂದು ಬಜೆಟ್ಟು ಇದ್ದೇ ಇರುತ್ತದೆ, ಮತ್ತು ಅದೂ ಮಿತವಾದದ್ದೇ ಆಗಿರುತ್ತದೆ.