ಬಾದಾಮಿ ರಾಯರು

ಬಡಾವಣೆಗೊಬ್ಬರು ಈಗ ಇದ್ದೇ ಇರುತ್ತಾರೆ. ಜಯನಗರದಲ್ಲಿದ್ದರೆ ರಾಯರು, ವಿಜಯನಗರದಲ್ಲಿದ್ದರೆ ಗೌಡರು, ರಾಜಾಜಿನಗರದಲ್ಲಿದ್ದರೆ ಶೆಟ್ಟರು, ಕಸುಬು ಒಂದೇ. ಬ್ಯಾಂಕಿನಿಂದಲೋ ಬೋರ್ಡಿನಿಂದಲೋ ನಿವೃತ್ತರು, ಮೊಣಕಾಲು ಸ್ವಲ್ಪ ನೋವು, ಮಗ ಅಮೆರಿಕದಲ್ಲಿ, ಹಾಲಿನ ಪ್ಯಾಕೆಟ್ ಕಂಡರೆ ಮುಖ ಸಿಂಡರಿಸುವ ಅಭ್ಯಾಸ. ಹಾಲು ಬಿಟ್ಟಿದ್ದಾರೆ. ಬರೀ ಬಿಟ್ಟಿದ್ದರೆ ಬೀದಿಗೇನೂ ತೊಂದರೆ ಇರಲಿಲ್ಲ. ಅದರ ಬದಲಿಗೆ ಇನ್ನೊಂದು ಹಾಲನ್ನು ಮನೆಯಲ್ಲೇ ತಯಾರಿಸುತ್ತಾರೆ, ಅದೂ ನೋಡುವವರು ಯಾರಾದರೂ ಎದುರಿಗಿದ್ದಾಗ.

ನಮ್ಮ ಬೀದಿಯದು ಜಯನಗರದ ಮಾದರಿ, ಆದ್ದರಿಂದ ರಾಯರೆಂದೇ ಕರೆಯೋಣ. ಬ್ಯಾಂಕಿನ ಆಡಿಟ್ ವಿಭಾಗದಲ್ಲಿದ್ದವರು. ಸೇವೆಯಲ್ಲಿದ್ದಷ್ಟು ಕಾಲ ಅಡುಗೆಮನೆಯೊಳಗೆ ಅವರ ಸಂಚಾರ ನೀರಿನ ಫಿಲ್ಟರಿನವರೆಗೆ ಮಾತ್ರ. ನಿವೃತ್ತರಾದ ಮೇಲೆ ಇನ್ನಷ್ಟು ಒಳಕ್ಕೆ ಬರಲು ನೋಡಿದರು. ಒಗ್ಗರಣೆಗೆ ಎಷ್ಟು ಎಣ್ಣೆ, ಸಿಲಿಂಡರ್ ಎಷ್ಟು ದಿನ ಬಂತು ಅಂತ ತಪಾಸಣೆ ಶುರು ಹಚ್ಚಿದರು. ಅವರ ಮನೆಯವರು ವಾರ ಕಳೆಯುವುದರೊಳಗೆ ಅವರನ್ನು ಮತ್ತೆ ಹಾಲಿಗೆ, ಪೇಪರಿನ ಮುಂದಕ್ಕೆ, ಸಾಗಹಾಕಿದರು. ಆಮೇಲೆ ಮಗನ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದರಲ್ಲ, ಬರುವಾಗ ಅಡುಗೆಮನೆಗೆ ಪಾಸನ್ನೇ ತಂದರು: ಸೂಟ್‌ಕೇಸಿನ ತಳದಲ್ಲಿ ನಾಲ್ಕು ಕಿಲೋ ಬಾದಾಮಿ, ಒಂದು ನೈಲಾನ್ ಜಾಲರಿ ಚೀಲ ಮತ್ತು ಬಾಯಿ ತುಂಬ ಲ್ಯಾಕ್ಟೋಸ್. ಪ್ರಪಂಚದ ಬಾದಾಮಿಯಲ್ಲಿ ಸುಮಾರು ಶೇ. 80 ಬೆಳೆಯುವುದು ಆ ಒಂದು ರಾಜ್ಯದಲ್ಲೇ. ಅಲ್ಲಿಂದ ಅತಿ ಹೆಚ್ಚು ತರಿಸಿಕೊಳ್ಳುವ ದೇಶಗಳ ಸಾಲಿನಲ್ಲಿ ನಮ್ಮದು ಮುಂದಿದೆ. ಅದಕ್ಕೆ ಜಯನಗರದ ಕೊಡುಗೆ ಎಷ್ಟು ಎಂಬುದನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಲ್ಯಾಕ್ಟೋಸಿನ ವಿಷಯದಲ್ಲಿ ರಾಯರು ಹೇಳುವುದರಲ್ಲಿ ಸುಳ್ಳೇನಿಲ್ಲ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಎಳೆತನ ಕಳೆದ ಮೇಲೆ ಪ್ರಪಂಚದ ಬಹುಪಾಲು ಜನರಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಅಂಥವರಲ್ಲಿ ಕೆಲವರಿಗೆ ಹಾಲು ಕುಡಿದರೆ ಹೊಟ್ಟೆಯುಬ್ಬರ, ಗುಡುಗುಡು. ಆದರೆ ರಾಯರು ಅವರಲ್ಲಿ ಒಬ್ಬರೆಂದು ಯಾವ ಡಾಕ್ಟರೂ ಹೇಳಿಲ್ಲ. 60 ವರ್ಷ ಮಲಗುವ ಮುಂಚೆ ಒಂದು ಲೋಟ ಕೆನೆಹಾಲು ಕುಡಿದು ಗೊರಕೆ ಹೊಡೆದ ದೇಹ ಅದು. ಈಗ ಹಳೆಯ ಕಡತಗಳನ್ನೆಲ್ಲ ಬಿಚ್ಚಿ ಒಂದೊಂದು ಹೊಟ್ಟೆನೋವನ್ನೂ ಮರುತಪಾಸಣೆ ಮಾಡಿದ್ದಾರೆ. ತೀರ್ಥಹಳ್ಳಿಯಲ್ಲಿ ಭಾವಮೈದುನನ ಮದುವೆ ದಿನ ಆದ ಅನಾಹುತಕ್ಕೆ ಕಾರಣವೆಂದು ಇಷ್ಟು ವರ್ಷ ಒಪ್ಪಿಕೊಂಡಿದ್ದ 18 ಹೋಳಿಗೆಗಳು ಈಗ ನಿರ್ದೋಷಿ. ಹೋಳಿಗೆಯ ಮೇಲೆ ಸುರಿದುಕೊಂಡ ಹಾಲೇ ಅಪರಾಧಿ.

ಬಾದಾಮಿ ಹಾಲು ಮಾಡುವುದು ಕಷ್ಟದ ಕೆಲಸವೇನಲ್ಲ. ರಾತ್ರಿ ನೆನೆಹಾಕಿ, ಬೆಳಗ್ಗೆ ಸಿಪ್ಪೆ ತೆಗೆದು, ಒಂದು ಲೋಟ ಬೀಜಕ್ಕೆ ಮೂರೋ ನಾಲ್ಕೋ ಲೋಟ ನೀರು ಹಾಕಿ ರುಬ್ಬಿ ಸೋಸಿದರೆ ಮುಗಿಯಿತು. ರಾಯರಿಗೆ ಇದಕ್ಕೆ ಬೆಳಗಿನ ಕಾಫಿಯಿಂದ ತಿಂಡಿಯವರೆಗಿನ ಹೊತ್ತೆಲ್ಲ ಬೇಕು. ಮೊದಲನೆಯದಾಗಿ, ನೆನೆಹಾಕುವಾಗ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಬೆಳಗ್ಗೆ ಮತ್ತೆ ಎಣಿಸುತ್ತಾರೆ. ನೆನೆದ ಬಾದಾಮಿಯನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೀಜ ಚಿಮ್ಮುತ್ತದೆ. ಎಲ್ಲಿಗೆ ಚಿಮ್ಮುತ್ತದೆ ಎಂದರೆ ಫ್ರಿಜ್ಜಿನ ಕೆಳಕ್ಕೆ. ಅಲ್ಲಿಗೆ ದಾಸ್ತಾನು ತಾಳೆಯಾಗುವುದಿಲ್ಲ. ರಾಯರು ಪಂಚೆ ಮೇಲಕ್ಕೆ ಕಟ್ಟಿ, ನೆಲದ ಮೇಲೆ ಬೋರಲು ಮಲಗಿ, ಮೊಬೈಲಿನ ಟಾರ್ಚ್ ಬಿಟ್ಟು, ಪೊರಕೆಕಡ್ಡಿಯಿಂದ ಆ ಒಂದು ಬಾದಾಮಿಯನ್ನು ಹೊರಗೆಳೆಯುತ್ತಾರೆ. ಅದರ ಜೊತೆಗೆ ಹೋದ ದೀಪಾವಳಿಯ ಗೋಡಂಬಿಯೊಂದು ಬಂದರೆ ಅದನ್ನೂ ಜಮಾ ಕಡೆಗೆ ಬರೆದುಕೊಳ್ಳುತ್ತಾರೆ.

ಆಮೇಲೆ ಮಿಕ್ಸಿ ಜಾರಿನ ಪ್ರಕರಣ.

“ರೀ, ಅದು ಚಟ್ನಿ ಜಾರು. ಹಾಲು ಖಾರವಾದ್ರೆ ನನ್ನ ಕೇಳಬೇಡಿ.”

“ದೊಡ್ಡ ಜಾರು ಎಲ್ಲೇ?”

“ಅದ್ರಲ್ಲಿ ಅಕ್ಕಿ ಉದ್ದು ರುಬ್ತಿದೀನಿ. ನಿಮಗೆ ನಾಳೆ ದೋಸೆ ಬೇಕೋ, ಇವತ್ತು ಹಾಲು ಬೇಕೋ?”

ಮೂವತ್ತೈದು ವರ್ಷ ಶಾಖೆಗಳ ಮ್ಯಾನೇಜರುಗಳನ್ನು ಬೆವರಿಳಿಸಿದ ಮನುಷ್ಯ ಚಟ್ನಿ ಜಾರನ್ನೇ ಮೂರು ಸಲ ತೊಳೆಯುತ್ತಾರೆ. ಹಾಲು ಖಾರವಾಗಿಯೇ ಆಗುತ್ತದೆ.

ರಾಯರ ಹಣೆಬರಹ ಇರುವುದು ಹಿಂಡುವ ಘಟ್ಟದಲ್ಲಿ. ನೈಲಾನ್ ಚೀಲ ಅವರ ರಟ್ಟೆಯ ಬಲಕ್ಕೆ ಬೇಗನೆ ಹರಿದುಹೋಯಿತು. ಈಗ ಬಳಕೆಯಲ್ಲಿರುವುದು ಹಳೆಯ ಮಲ್ ಪಂಚೆಯ ತುಂಡು. ಬಟ್ಟೆಯಲ್ಲಿ ಹನಿ ಉಳಿದರೂ ಅದು ವಸೂಲಾಗದ ಬಾಕಿ ಎಂಬುದು ಅವರ ಭಾವನೆ. ತಿರುಚುತ್ತಾರೆ, ಮತ್ತೆ ತಿರುಚುತ್ತಾರೆ, ಒಂದು ತುದಿಯನ್ನು ನಲ್ಲಿಗೆ ಕಟ್ಟಿ ಇನ್ನೊಂದನ್ನು ಎಳೆಯುತ್ತಾರೆ. ಬಾದಾಮಿ ಇದನ್ನೆಲ್ಲ ಸಹಿಸಿಕೊಂಡಿತು. ಓಟ್ಸ್ ಸಹಿಸಲಿಲ್ಲ. ಓಟ್ಸಿನ ಹಾಲಿಗೆ ತಣ್ಣನೆಯ ನೀರು ಬೇಕು, ಅರ್ಧ ನಿಮಿಷಕ್ಕಿಂತ ಹೆಚ್ಚು ರುಬ್ಬಬಾರದು, ಹಿಂಡಲಂತೂ ಬಾರದು. ತಾನಾಗಿ ಸೋರಿದಷ್ಟು ಹಾಲು, ಉಳಿದದ್ದರ ಆಸೆ ಬಿಡಬೇಕು. ಆಡಿಟರನಿಗೆ ಇದನ್ನು ಹೇಳಿಕೊಡುವವರು ಯಾರು? ಹಿಂಡಿದ ಮೇಲೆ ಪಾತ್ರೆಗೆ ಇಳಿದದ್ದು ಲೋಳೆ. ಅದನ್ನು ಕಾಯಿಸಿದಾಗ ಪಿಷ್ಟ ಬೆಂದು ಗಂಜಿಯಾಯಿತು. ಕಾರ್ಖಾನೆಯ ಓಟ್ಸ್ ಹಾಲು ಹೀಗಾಗದಿರಲು ಕಾರಣ ಪಿಷ್ಟವನ್ನು ಮೊದಲೇ ಒಡೆದುಹಾಕುವ ಕಿಣ್ವಗಳು. 1990ರ ದಶಕದಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ರಿಕಾರ್ಡ್ ಓಸ್ಟೆ ಎಂಬ ವಿಜ್ಞಾನಿ ಇದನ್ನು ಸಾಧಿಸಿದರು. ಇದನ್ನು ಓದಿದ ರಾಯರು ಕಿಣ್ವ ತರಿಸುವ ಯೋಚನೆ ಮಾಡಿದರು. “ಒಗೆಯೋ ಸೋಪಿನ ಪುಡೀಲೂ ಅದೇ ಇರತ್ತಂತೆ, ಟಿವೀಲಿ ಹೇಳ್ತಿದ್ರು. ಹಾಕ್ಕೊಳ್ಳಿ ಒಂದು ಚಮಚ” ಎಂದು ಒಳಗಿನಿಂದ ಅಪ್ಪಣೆಯಾಯಿತು. ಯೋಜನೆ ಅಲ್ಲಿಗೇ ನಿಂತಿತು.

ಸೋಯಾ ಇನ್ನೊಂದು ಅಧ್ಯಾಯ. ಹಸಿ ಸೋಯಾ ಬೀಜವನ್ನು ತಣ್ಣೀರಿನಲ್ಲಿ ರುಬ್ಬಿದರೆ ಅದರೊಳಗಿನ ಕಿಣ್ವವೊಂದು ಕೊಬ್ಬಿನ ಮೇಲೆ ಕೆಲಸ ಮಾಡಿ ಹಸಿಕಾಳಿನ ವಾಸನೆ ಹೊರಡಿಸುತ್ತದೆ. ಕುದಿನೀರಿನಲ್ಲಿ ರುಬ್ಬಿದರೆ ಬಹುಮಟ್ಟಿಗೆ ತಪ್ಪುತ್ತದೆ. ಹಾಲನ್ನು ಚೆನ್ನಾಗಿ ಕುದಿಸಲೂ ಬೇಕು, ಇಲ್ಲದಿದ್ದರೆ ಪ್ರೋಟೀನು ಅರಗುವುದಕ್ಕೆ ಅಡ್ಡ ಬರುವ ಅಂಶಗಳು ಹಾಗೇ ಉಳಿಯುತ್ತವೆ. ಕುದಿಯುವ ಮುಂಚೆಯೇ ಇದು ನೊರೆಯೆದ್ದು ಉಕ್ಕಿಬಿಡುತ್ತದೆ. ಉಕ್ಕಿತು, ಕುದಿಯಿತು ಎಂದುಕೊಂಡು ಒಲೆ ಆರಿಸಿದರೆ ಕೆಟ್ಟಿರಿ. ಆರಿಸದಿದ್ದರೆ ಒಲೆ ಕೆಟ್ಟಿತು. ಗೃಹಪ್ರವೇಶದಲ್ಲಿ ಹಾಲು ಉಕ್ಕಿಸುವುದು ಶುಭವೇನೋ ಹೌದು. ಒಂದೇ ಅಡುಗೆಮನೆಗೆ ವಾರದಲ್ಲಿ ಮೂರು ಸಲ ಗೃಹಪ್ರವೇಶವಾದರೆ ಗೃಹಿಣಿ ಏನು ಮಾಡಬೇಕು? ಸೋಯಾ ಬೀಜದ ಡಬ್ಬಿ ಈಗ ಅಟ್ಟದ ಮೇಲಿದೆ. ಏಣಿ ಎಲ್ಲಿದೆ ಎಂಬುದು ರಾಯರಿಗೆ ಗೊತ್ತಿಲ್ಲ.

ಹಾಲು ಹೇಗೋ ಖರ್ಚಾಗುತ್ತದೆ. ಖರ್ಚಾಗದೆ ಮನೆಯನ್ನು ಕಾಡುವುದು ಚರಟ. ಕಿಲೋಗೆ 800 ರೂಪಾಯಿ ಕೊಟ್ಟ ಬಾದಾಮಿಯ ಚರಟವನ್ನು ಎಸೆಯಲು ರಾಯರ ಜೀವ ಒಪ್ಪುವುದಿಲ್ಲ. ಮೊದಲು ಚಪಾತಿ ಹಿಟ್ಟಿಗೆ ಸೇರಿತು, ಆಮೇಲೆ ಅಕ್ಕಿರೊಟ್ಟಿಗೆ, ಆಮೇಲೆ ಹುರುಳಿಕಾಯಿ ಪಲ್ಯದ ಮೇಲೆ ಕಾಯಿತುರಿಯ ವೇಷದಲ್ಲಿ ಬಂತು. ಒಂದು ಮಧ್ಯಾಹ್ನ ಬೋಂಡ ಎಂದು ನನಗೂ ಎರಡು ಕೊಟ್ಟರು. ತಿಂದೆ, ಹೊರಗೆ ಎಣ್ಣೆ, ಒಳಗೆ ಮರದ ಪುಡಿ. ಕೆಲಸದಾಕೆ ಮೊದಲ ದಿನ ಖುಷಿಯಿಂದ ಒಯ್ದಳು, ಮರುದಿನ “ಬ್ಯಾಡ್ರಮ್ಮ, ಮಕ್ಕಳು ಬೈತಾವೆ” ಎಂದಳು. ಕೊನೆಗೆ ಒಪ್ಪಿಕೊಂಡದ್ದು ಬೀದಿಯ ಹಸು. ದಿನಾ ಏಳು ಗಂಟೆಗೆ ಗೇಟಿನ ಮುಂದೆ ಬಂದು ನಿಲ್ಲುತ್ತದೆ. ಹಸುವಿನ ಹಂಗು ಹರಿದುಕೊಂಡ ರಾಯರು ಅದು ಐದು ನಿಮಿಷ ತಡಮಾಡಿದರೆ ಬೀದಿಯ ತುದಿಯವರೆಗೂ ಹೋಗಿ ನೋಡಿ ಬರುತ್ತಾರೆ. ಆ ಹಸುವಿನ ಹಾಲು ಎರಡನೇ ಅಡ್ಡರಸ್ತೆಯ ಮನೆಗಳಿಗೆ ಹೋಗುತ್ತದೆ. ಈಚೆಗೆ ಹಾಲು ಗಟ್ಟಿಯಾಗಿದೆ ಎಂದು ಅಲ್ಲಿಯವರು ಹೇಳುತ್ತಾರೆ.

ಇಷ್ಟಾಗಿಯೂ ರಾಯರ ಹಾಲಿನ ತ್ಯಾಗಕ್ಕೆ ಕೆಲವು ವಿನಾಯಿತಿಗಳಿವೆ. ಸುತ್ತೋಲೆ ಹೊರಡಿಸಿ ಪಳಗಿದ ಕೈ ತಾನೆ. ಮೊಸರು ನಿಷೇಧದ ವ್ಯಾಪ್ತಿಗೆ ಬರುವುದಿಲ್ಲ, ಏಕೆಂದರೆ ಹೆಪ್ಪಾಗುವಾಗ ಲ್ಯಾಕ್ಟೋಸ್ ಕಡಿಮೆಯಾಗುತ್ತದೆ. (ಇದು ನಿಜವೇ.) ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. (ಇದೂ ನಿಜ.) ಬೆಣ್ಣೆದೋಸೆಯ ಬೆಣ್ಣೆ ದೋಸೆಯ ಲೆಕ್ಕಕ್ಕೆ ಸೇರಿದ್ದು. ಮಠದಲ್ಲಿ ಕೊಡುವ ಪಾಯಸ ಪ್ರಸಾದ. ಪೇಡ ಧಾರವಾಡದಿಂದ ಬಂದಿದ್ದರೆ ಅದು ಬಂದವರ ಮರ್ಯಾದೆಯ ಪ್ರಶ್ನೆ. ಹೀಗೆ ಒಂದೊಂದನ್ನೇ ತೆಗೆಯುತ್ತಾ ಹೋದರೆ ನಿಷೇಧದೊಳಗೆ ಉಳಿಯುವುದು ಕಾಫಿ ಒಂದೇ.

ಆ ಕಾಫಿಯೇ ಅವರ ಶತ್ರು. ಡಿಕಾಕ್ಷನ್ ಸ್ವಲ್ಪ ಹುಳಿ ಸ್ವಭಾವದ್ದು, ಜೊತೆಗೆ ಬಿಸಿ. ಬಾದಾಮಿ ಹಾಲು ಬಿದ್ದ ಕೂಡಲೇ ಒಡೆದು ಚೂರುಚೂರಾಗಿ ತೇಲುತ್ತದೆ. ಹಾಲನ್ನು ಬೆಚ್ಚಗೆ ಮಾಡಿಕೊಂಡು ಅದಕ್ಕೆ ಡಿಕಾಕ್ಷನ್ನನ್ನು ನಿಧಾನವಾಗಿ ಬೆರೆಸಿದರೆ, ಚಿಟಿಕೆ ಅಡುಗೆ ಸೋಡ ಹಾಕಿದರೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಆ ಸ್ವಲ್ಪ ಹೊತ್ತಿನಲ್ಲಿ ಕುಡಿದು ಮುಗಿಸಬೇಕು. ರಾಯರು ನಿಂತಲ್ಲೇ ಗಟಗಟ ಕುಡಿಯುವುದನ್ನು ನೋಡಿದವರು ಬಸ್ಸು ಹಿಡಿಯುವ ಅವಸರ ಎಂದುಕೊಳ್ಳುತ್ತಾರೆ. ಪೇಪರ್ ಓದುತ್ತಾ ಒಂದೊಂದೇ ಗುಟುಕು ಹೀರುವ ಸುಖ ಹೋಯಿತು. ಅವರು ನಿಜವಾಗಿ ಮಾಡಿದ ತ್ಯಾಗ ಎಂದರೆ ಇದೊಂದೇ. ಇದರ ಬಗ್ಗೆ ಮಾತ್ರ ಅವರು ಯಾರ ಮುಂದೆಯೂ ಬಾಯಿಬಿಡುವುದಿಲ್ಲ.

ಈ ಮನೆಯಲ್ಲಿ ಪ್ರಾಣಿಯಿಂದ ಬಾರದ ಹಾಲು ಹೊಸದೇನಲ್ಲ. ಶಾವಿಗೆ ಒತ್ತಿದ ದಿನ ಅವರ ಮನೆಯವರು ಎರಡು ತೆಂಗಿನಕಾಯಿ ತುರಿದು, ಏಲಕ್ಕಿ ಹಾಕಿ ರುಬ್ಬಿ, ಕೈಯಲ್ಲೇ ಹಿಂಡಿ, ಬೆಲ್ಲ ಕರಗಿಸಿ ಕಾಯಿಹಾಲು ಮಾಡುತ್ತಾರೆ. ರಾಗಿಯನ್ನು ನೆನೆಸಿ ರುಬ್ಬಿ ಹಾಲು ತೆಗೆದು ಹಾಲುಬಾಯಿ ಕಾಯಿಸುತ್ತಾರೆ. ನೆಲಕ್ಕೊಂದು ಹನಿ ಬೀಳುವುದಿಲ್ಲ, ನೋಟ್‌ಬುಕ್ಕೂ ಬೇಕಿಲ್ಲ. ಇದನ್ನು ಎತ್ತಿ ಹೇಳಿದರೆ ರಾಯರು ತಲೆಯಾಡಿಸುತ್ತಾರೆ: “ಅದು ಅಡುಗೆ ಕಣ್ರೀ. ಅದರಲ್ಲಿ ಅಳತೆ ಎಲ್ಲಿದೆ?” ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ದಶಕಗಳ ಹಿಂದೆಯೇ ಕಡಲೆಕಾಯಿಯ ಪ್ರೋಟೀನನ್ನು ಎಮ್ಮೆಹಾಲಿಗೆ ಬೆರೆಸಿ ಮಿಲ್ಟೋನ್ ಎಂಬ ಹಾಲು ಮಾಡಿದ್ದರು ಎಂದೆ ಒಮ್ಮೆ. ಎಮ್ಮೆ ಎಂದ ತಕ್ಷಣ ಮಾತು ತಳ್ಳಿಹಾಕಿದರು. ಮೂರನೇ ಮನೆಯ ಪಿಯುಸಿ ಹುಡುಗಿಯನ್ನು ಹಾಗೆ ತಳ್ಳಿಹಾಕಲಾಗಲಿಲ್ಲ. “ಅಂಕಲ್, ಹಸುವಿನ ಹಾಲಲ್ಲಿ 100 ಮಿಲಿಗೆ ಸುಮಾರು 120 ಮಿಲಿಗ್ರಾಂ ಕ್ಯಾಲ್ಸಿಯಂ ಇರತ್ತೆ. ನಿಮ್ಮ ಬಾದಾಮಿ ಹಾಲಲ್ಲಿ ಅಷ್ಟು ಇರಲ್ಲ ಅಲ್ವಾ?” ರಾಯರು ರಾಗಿಯ ಮೊರೆಹೋದರು: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ದಾಟುತ್ತದೆ, ಇನ್ನು ಮುಂದೆ ರಾಗಿಯ ಹಾಲನ್ನೇ ತೆಗೆಯುವುದಾಗಿ ಹೇಳಿದರು. “ಸುಮ್ನೆ ಮುದ್ದೆ ತಿನ್ನಬಹುದಲ್ಲ ಅಂಕಲ್, ಹಿಂಡೋದ್ಯಾಕೆ?” ಎಂದಳು. ಅವಳ ಅಪ್ಪ ಮಂಡ್ಯದವರು.

ಆದರೂ ಭಾನುವಾರದ ಪ್ರದರ್ಶನಕ್ಕೆ ಜನ ಕಡಿಮೆಯಾಗಿಲ್ಲ. ಪಾರ್ಕಿನ ಗೆಳೆಯರು, ದೂರದ ನೆಂಟರು, ಯೋಗ ಕ್ಲಾಸಿನವರು ಬರುತ್ತಾರೆ. ಡೈನಿಂಗ್ ಟೇಬಲ್ಲಿನ ಮೇಲೆ ಸಣ್ಣ ಸ್ಟೀಲ್ ಲೋಟಗಳು, ಒಂದೊಂದಕ್ಕೂ ಚೀಟಿ. ಮಧ್ಯಯುಗದ ಯುರೋಪಿನಲ್ಲಿ ಕ್ರೈಸ್ತರು ಲೆಂಟ್ ಉಪವಾಸದ ದಿನಗಳಲ್ಲಿ ಹಾಲು ಮುಟ್ಟದೆ ಬಾದಾಮಿ ಹಾಲಿನಲ್ಲೇ ಅಡುಗೆ ಮಾಡುತ್ತಿದ್ದರು, 14ನೇ ಶತಮಾನದ ಇಂಗ್ಲೆಂಡಿನ ಅಡುಗೆ ಪುಸ್ತಕದಲ್ಲೇ ಇದೆ ಎಂದು ರಾಯರು ಶುರುಮಾಡುತ್ತಾರೆ. “ಅವರ ಏಕಾದಶಿ ನಮಗ್ಯಾಕ್ರೀ ದಿನಾ?” ಎಂದು ಒಳಗಿನಿಂದ ಕೇಳುತ್ತದೆ. ಬಂದವರು ಒಂದೊಂದು ಗುಟುಕು ಕುಡಿದು, “ಚೆನ್ನಾಗಿದೆ, ಹೆಲ್ತಿಗೆ ಒಳ್ಳೇದು” ಎನ್ನುತ್ತಾರೆ, ಲೋಟವನ್ನು ಮೆಲ್ಲಗೆ ಕೆಳಗಿಡುತ್ತಾರೆ, ಅಡುಗೆಮನೆಯ ಬಾಗಿಲ ಕಡೆ ನೋಡುತ್ತಾರೆ. ಆ ನೋಟದ ಅರ್ಥ ಅವರ ಮನೆಯವರಿಗೆ ಗೊತ್ತು. ಹತ್ತು ನಿಮಿಷದಲ್ಲಿ ಎಲ್ಲರ ಕೈಗೂ ನೊರೆಯೆಬ್ಬಿಸಿದ ಫಿಲ್ಟರ್ ಕಾಫಿ.

ಹೀಗೆ ರಾಯರು ಹಾಲು ಬಿಟ್ಟಂದಿನಿಂದ ಆ ಮನೆಗೆ ಬರುವ ಹಾಲು ಹೆಚ್ಚಾಗಿದೆ. ಭಾನುವಾರ ಎರಡು ಪ್ಯಾಕೆಟ್ ಜಾಸ್ತಿ ಹಾಕಲು ಹಾಲಿನ ಹುಡುಗನಿಗೆ ಹೇಳಿಯಾಗಿದೆ. ಆಡಿಟರ್ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಅದಕ್ಕೊಂದು ಬೇರೆ ಶೀರ್ಷಿಕೆ ತೆರೆದಿದ್ದಾರೆ: ಪ್ರಚಾರ ವೆಚ್ಚ, ನಂದಿನಿ, ಒಂದು ಲೀಟರ್.