ಶೆಡ್ಡಿನ ಬಾಗಿಲಲ್ಲಿ ಮಲಗುವ ನಾಯಿಗಾಗಿ

ಮಾನ್ಯ ಮೇಸ್ತ್ರಿಗಳೇ,

ಮಲವಗೊಪ್ಪದಿಂದ ಮಾಚೇನಹಳ್ಳಿಯವರೆಗೆ, ಭದ್ರಾವತಿ ರಸ್ತೆಯ ಬದಿಯಲ್ಲಿ ಗಾಡಿ ರಿಪೇರಿ ಮಾಡುವ ನಿಮಗೆಲ್ಲ ಈ ಕಾಗದ.

ರೇಡಿಯೇಟರ್ ಬಿಚ್ಚಿದಾಗ ನೆಲಕ್ಕೆ ಹರಿಯುವ ಹಸಿರು, ಕೆಂಪು ಕೂಲಂಟ್ ಇದೆಯಲ್ಲ, ಚಳಿದೇಶಗಳಲ್ಲಿ ಅದನ್ನೇ ಆಂಟಿಫ್ರೀಜ್ ಅನ್ನುತ್ತಾರೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಎಂಜಿನ್ ಕುದಿಯದಿರಲಿ ಎಂದು ಹಾಕುತ್ತೇವೆ. ಒಳಗಿರುವುದು ಮಾತ್ರ ಹೆಚ್ಚಾಗಿ ಅದೇ ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ. ಬೇಸಿಗೆಯ ಮಧ್ಯಾಹ್ನ ಬಾಯಾರಿದ ನಾಯಿ ನೆಕ್ಕಿಯೇ ನೆಕ್ಕುತ್ತದೆ. ನೀರು ಬೆರೆಸದ ದ್ರವವಾದರೆ 15 ಕೆ.ಜಿ. ನಾಯಿಯ ಜೀವ ತೆಗೆಯಲು ಸುಮಾರು 66 ಮಿ.ಲೀ. ಸಾಕು, ಒಂದು ಸಣ್ಣ ಲೋಟ ಚಹಾದಷ್ಟು. ಬೆಕ್ಕಿಗೆ ಒಂದು ಚಮಚ.

ಕುಡಿದ ಅರ್ಧ, ಒಂದು ಗಂಟೆಯಲ್ಲಿ ನಾಯಿ ತೂರಾಡುತ್ತದೆ. ವಾಂತಿ, ವಿಪರೀತ ಬಾಯಾರಿಕೆ, ಪದೇ ಪದೇ ಉಚ್ಚೆ. ಕೆಲವು ಗಂಟೆ ಕಳೆದ ಮೇಲೆ ಎದ್ದು ನಿಲ್ಲುತ್ತದೆ. ಆ ಎದ್ದು ನಿಲ್ಲುವ ಹೊತ್ತಿಗಾಗಿಯೇ ನಾನು ಇಷ್ಟು ಬರೆಯುತ್ತಿದ್ದೇನೆ. ‘ಸದ್ಯ, ಹುಷಾರಾಯ್ತು’ ಎಂದು ನೀವು ಸ್ಪ್ಯಾನರ್ ಎತ್ತಿಕೊಳ್ಳುವಾಗ ಅದರ ಲಿವರ್ ಆ ವಿಷವನ್ನು ಆಮ್ಲವಾಗಿ ಮಾರ್ಪಡಿಸುತ್ತಿರುತ್ತದೆ. ಕೊನೆಗೆ ಹುಟ್ಟುವ ಆಕ್ಸಾಲಿಕ್ ಆಮ್ಲ ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ, ಹರಳಾಗಿ ಕಿಡ್ನಿಯಲ್ಲಿ ಕೂರುತ್ತದೆ. ಎರಡನೆಯ, ಮೂರನೆಯ ದಿನ ಉಚ್ಚೆ ಕಟ್ಟುತ್ತದೆ. ಆಗ ಒಯ್ದರೆ ವೈದ್ಯರಿಗೂ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ.

ಆದ್ದರಿಂದ ತೂರಾಡುವುದು ಕಂಡ ಕೂಡಲೇ ಆಟೋ ಕರೆಯಿರಿ. ಶಿವಮೊಗ್ಗದಲ್ಲೇ, ವಿನೋಬನಗರದಲ್ಲಿ, ಪಶುವೈದ್ಯಕೀಯ ಕಾಲೇಜಿದೆ. ಹೋದ ತಕ್ಷಣ ‘ಕೂಲಂಟ್ ನೆಕ್ಕಿದೆ’ ಎಂದು ಹೇಳಿ, ಡಬ್ಬಿಯನ್ನೂ ತೋರಿಸಿ. ಹೇಳದಿದ್ದರೆ ಮಲೆನಾಡಿನ ವೈದ್ಯರು ಇಲಿಜ್ವರವನ್ನೋ ಕೀಟನಾಶಕವನ್ನೋ ಅನುಮಾನಿಸಿದರೆ ಅದು ಅವರ ತಪ್ಪಲ್ಲ. ಐದಾರು ಗಂಟೆಯ ಬಳಿಕ ಉಚ್ಚೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಹರಳುಗಳು ಕಾಣಬಹುದು, ಆದರೆ ಮದ್ದು ಅವುಗಳಿಗಾಗಿ ಕಾಯಬಾರದು. ಫೊಮೆಪಿಜೋಲ್ ಎಂಬ ಔಷಧಿ ಮೊದಲ ಎಂಟು ಗಂಟೆಯೊಳಗೆ ಸಿಕ್ಕರೆ ನಾಯಿ ಉಳಿಯುವ ಆಸೆ ಚೆನ್ನಾಗಿದೆ. ಅದು ಇಲ್ಲದಿದ್ದರೆ ಅಳತೆ ಮಾಡಿದ ಎಥನಾಲನ್ನು ರಕ್ತನಾಳಕ್ಕೆ ಹನಿಸುತ್ತಾರೆ. ಎರಡೂ ಲಿವರಿನ ಕಿಣ್ವವನ್ನು ತಡೆಯುತ್ತವೆ. ವಿಷ ಆಮ್ಲವಾಗದೆ ಉಚ್ಚೆಯಲ್ಲಿ ಹೊರಟುಹೋಗುತ್ತದೆ. ಇದನ್ನು ಕೇಳಿ ಯಾರೂ ಮನೆಯಲ್ಲಿ ಬ್ರಾಂದಿ ಕುಡಿಸಬೇಡಿ.

ಅಮೆರಿಕದ ಆರೆಗನ್ ರಾಜ್ಯ 1991ರಲ್ಲೇ ಈ ಸಿಹಿ ಕೂಲಂಟಿಗೆ ಕಹಿ ಬೆರೆಸಲು ಕಾನೂನು ಮಾಡಿತು. ನಾನು ನಿಮ್ಮಿಂದ ಕೇಳುವುದು ಅದಕ್ಕಿಂತ ಸುಲಭದ್ದು. ರೇಡಿಯೇಟರ್ ಬಿಚ್ಚುವಾಗ ಕೆಳಗೊಂದು ಹಳೆಯ ಟಬ್ ಇಡಿ, ತುಂಬಿದ್ದನ್ನು ಮುಚ್ಚಳವಿರುವ ಕ್ಯಾನಿಗೆ ಸುರಿಯಿರಿ, ಚೆಲ್ಲಿದ್ದಕ್ಕೆ ಮರಳು ಹಾಕಿ ಗುಡಿಸಿ ತೆಗೆಯಿರಿ. ಮತ್ತೆ ಬಾಗಿಲ ಪಕ್ಕ, ನೆರಳಲ್ಲಿ, ಒಂದು ಬೋಗುಣಿ ನೀರು.

ಇತಿ,
ನಿಮ್ಮ ರಸ್ತೆಯಲ್ಲೇ ದಿನಾ ಓಡಾಡುವವ